ತರಗತಿಗೆ ಬರೆದ ಅಪ್ಪನ ಕಥೆ

(ಗುರುತು ಸಿಗದ ಹಾಗೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಹುಡುಗನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

ಬಿ.ಎ. ಎರಡನೇ ವರ್ಷದ ಹುಡುಗ, ಹಾಸ್ಟೆಲ್‌ನಲ್ಲಿರುವವನು. ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ ಎಂದು ನನ್ನ ಬಳಿ ಆಪ್ತ ಸಮಾಲೋಚನೆಗೆ ಬಂದಿದ್ದ. ಮಾತಾಡುತ್ತಾ ಹೋದಂತೆ ತಿಳಿಯಿತು, ಇದಕ್ಕೆ ಕಾರಣ ಒಂದು ಅಸೈನ್‌ಮೆಂಟ್.

ಕನ್ನಡ ತರಗತಿಯಲ್ಲಿ ಆತ್ಮಕಥನ ಓದುತ್ತಿದ್ದರು. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಪಾಠವಾದ ಮೇಲೆ, ಬಾಲ್ಯದ ಒಂದು ನೆನಪನ್ನು ಮುಚ್ಚುಮರೆಯಿಲ್ಲದೆ ಬರೆಯಿರಿ ಎಂದು ಅಧ್ಯಾಪಕರು ಹೇಳಿದ್ದರು. ಅಪ್ಪ ಕುಡಿದು ಬಂದು ಅವ್ವನನ್ನು ಹೊಡೆಯುತ್ತಿದ್ದ ರಾತ್ರಿಗಳನ್ನು ಇವನು ಬರೆದ. ಅಧ್ಯಾಪಕರು ತುಂಬಾ ಮೆಚ್ಚಿಕೊಂಡರು. ತರಗತಿಯಲ್ಲಿ ಓದು, ಕಾಲೇಜಿನ ವಾರ್ಷಿಕ ಸಂಚಿಕೆಗೂ ಕೊಡು ಎಂದರು.

“ಅಪ್ಪ ಈಗ ಕುಡಿಯೂದು ಬಿಟ್ಟಾನ್ರಿ ಮೇಡಂ. ಅವ್ವನ ಜೋಡಿ ಹೊಲಕ್ಕ ಹೋಗ್ತಾನ. ಇದು ಅಚ್ಚಾದ್ರ ಊರಾಗ ಅವ ಹೆಂಗ ತಲಿ ಎತ್ತಬೇಕು? ಆದ್ರ ನಾ ಬರದಿದ್ದೇನೂ ಸುಳ್ಳಲ್ರಿ.”

ಮೊದಲು ನಿದ್ದೆಯ ವಿಷಯಕ್ಕೆ ಬಂದೆ. ಎಲ್ಲರೂ ಮಲಗಿದ ಮೇಲೆ ಅದೇ ಪುಟಗಳನ್ನು ತೆಗೆದು ತಿದ್ದುತ್ತಾ ಕೂರುತ್ತಿದ್ದನಂತೆ. ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ ಮತ್ತು ಅವರ ಜೊತೆಗಾರ್ತಿ ಸಾಂಡ್ರಾ ಬೀಲ್ 1986ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳಿಂದ ನೋವಿನ ಅನುಭವಗಳನ್ನು ದಿನಕ್ಕೆ 15 ನಿಮಿಷದಂತೆ 4 ದಿನ ಬರೆಸಿದ್ದರು. ಬರೆದ ಕೂಡಲೇ ಅವರ ಮನಸ್ಸು ಕುಗ್ಗಿತ್ತು. ಆದರೆ ನಡೆದದ್ದರ ಜೊತೆ ಭಾವನೆಯನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ಕಾಯಿಲೆಯೆಂದು ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ನೋವನ್ನು ಬರೆದರೆ ಒಳ್ಳೆಯದು ಎನ್ನಲು ಈ ಅಧ್ಯಯನವನ್ನು ಬಹಳ ಜನ ಹೇಳುತ್ತಾರೆ. ಆ ಬರಹಕ್ಕೆ ಅಂಕ ಇರಲಿಲ್ಲ, ಅದನ್ನು ಯಾರ ಮುಂದೆಯೂ ಓದಬೇಕಿರಲಿಲ್ಲ ಎಂಬುದನ್ನು ಮಾತ್ರ ಬಿಟ್ಟುಬಿಡುತ್ತಾರೆ. ನನಗೆ ಅದೇ ಮುಖ್ಯ ಅನ್ನಿಸುತ್ತದೆ.

ಹಾಗಾಗಿ ಅವನಿಗೆ ಎರಡು ನೋಟ್‌ಬುಕ್ ಇಟ್ಟುಕೊಳ್ಳಲು ಹೇಳಿದೆ. ಒಂದು ಅವನಿಗೆ ಮಾತ್ರ. ಹಗಲಲ್ಲೇ ಬರೆಯಬೇಕು, 15-20 ನಿಮಿಷ ಸಾಕು, ತಡೆಯಲಾಗದಿದ್ದರೆ ಅಲ್ಲೇ ನಿಲ್ಲಿಸಿ ಎದ್ದು ಹೋಗಬೇಕು. ಇನ್ನೊಂದು ತರಗತಿಗೆ. ಅದರಲ್ಲಿ ಏನು ಬರಬೇಕೆಂದು ಅವನೇ ಆರಿಸಿಕೊಳ್ಳಬೇಕು. ಆರಿಸಿಕೊಂಡರೆ ಸುಳ್ಳು ಹೇಳಿದ ಹಾಗಲ್ಲ. ಮಾಲಗತ್ತಿಯವರ ಪುಸ್ತಕ 1994ರಲ್ಲಿ ಬಂದಾಗ ಅವರಿಗೆ 40ರ ಹತ್ತಿರ ವಯಸ್ಸು. ಇವನಿಗಿನ್ನೂ 19. ರಜೆಗೆ ಅದೇ ಮನೆಗೆ ಹೋಗಬೇಕು, ಅಲ್ವಾ?

ಹೆಸರು ಬದಲಿಸಿ ಅಚ್ಚು ಹಾಕಿಸಲೇ ಎಂದು ಕೇಳಿದ. ಲೇಖಕನ ಜಾಗದಲ್ಲಿ ಇವನ ಹೆಸರು, ಫೋಟೋ ಇರುತ್ತದೆ. ಅಪ್ಪನ ಹೆಸರು ಬದಲಿಸಿದರೆ ಊರಿಗೆ ತಿಳಿಯದೇ ಇರುತ್ತದೆಯೇ? ಅದಕ್ಕಿಂತ ಮೊದಲು ಅವ್ವನಿಗೆ ಓದಿ ಹೇಳು ಎಂದೆ. ಪೆಟ್ಟು ತಿಂದವಳು ಅವಳು. ಅವಳನ್ನು ಕೇಳದೆ ಇದನ್ನು ಊರಿಗೆ ಹೇಳುವುದು ನನಗೆ ಸರಿ ಕಾಣಲಿಲ್ಲ.

ಅಧ್ಯಾಪಕರ ಜೊತೆಗೂ, ಹುಡುಗನನ್ನು ಕೇಳಿಕೊಂಡೇ, ಮಾತಾಡಿದೆ. ಅವರ ಮೆಚ್ಚುಗೆ ನಿಜವಾದದ್ದು. ಆದರೆ ‘ಮುಚ್ಚುಮರೆಯಿಲ್ಲದೆ’ ಎಂಬ ಮಾತನ್ನು ಅಂಕ ಕೊಡುವವರು ಹೇಳಿದರೆ ಮಕ್ಕಳಿಗೆ ಅದು ಅಪ್ಪಣೆ. ಗಟ್ಟಿಯಾಗಿ ಓದುವುದು ಇಷ್ಟವಿದ್ದವರಿಗೆ ಮಾತ್ರ ಇರಲಿ, ಅಂಕ ಬರವಣಿಗೆಗೆ ಇರಲಿ, ನೋವು ಎಷ್ಟು ದೊಡ್ಡದು ಎಂಬುದಕ್ಕಲ್ಲ ಎಂದೆ. ಅವರು ಒಪ್ಪಿದರು. ತರಗತಿಗೆ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ ನಂಬರ್ 14416 ಕೂಡ ಕೊಟ್ಟರು.

ಹಬ್ಬಕ್ಕೆ ಊರಿಗೆ ಹೋದಾಗ ಅವನು ಅವ್ವನಿಗೆ ಓದಿ ಹೇಳಿದ. ಹೊಡೆತದ ಭಾಗಕ್ಕೆ ಆಕೆ ಏನೂ ಅನ್ನಲಿಲ್ಲವಂತೆ. ತವರಿಗೆ ಹೋಗಿ ಜೋಳ ಕೇಳಿ ತಂದ ನಾಲ್ಕು ಸಾಲು ಮಾತ್ರ ಬೇಡ ಅಂದಳು. ಅದು ಅವಳ ಅಣ್ಣನಿಗೂ ಅವಳಿಗೂ ಮಾತ್ರ ಗೊತ್ತು ಅಂದುಕೊಂಡಿದ್ದಳು.

ಆ ಸಾಲುಗಳನ್ನು ತೆಗೆದು ಅಸೈನ್‌ಮೆಂಟ್ ಒಪ್ಪಿಸಿದ. ಸಂಚಿಕೆಗೆ ಹಾಸ್ಟೆಲ್‌ನ ಮೊದಲ ವಾರದ ಬಗ್ಗೆ ಬೇರೆ ಬರಹ ಕೊಟ್ಟ. ನಿದ್ದೆ ಸುಧಾರಿಸಿದೆ. ಅಪ್ಪನ ಜೊತೆ ಇನ್ನೂ ಮಾತಾಡಿಲ್ಲ. ಅದಕ್ಕಾಗಿ ನಮ್ಮ ಭೇಟಿಗಳು ನಡೆಯುತ್ತಿವೆ.