ವೆಜ್ ಆ ಅಂತ ಕೇಳಿದರೆ ಸಾಲದು, ಸಾಸ್ ಯಾವುದು ಅಂತ ಕೇಳಿ

ಪ್ರಶ್ನೆ: ಅಕ್ಕಾ, ನನ್ನ ಮಗಳು ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಳೆ. ಊರಿಗೆ ಬಂದಾಗೆಲ್ಲ ಕಾಸರಗೋಡು ಪೇಟೆಯ ಒಂದು ಸಣ್ಣ ಅಂಗಡಿಗೆ ಹೋಗೋಣ ಅಂತ ಒಂದೇ ಹಟ. ಮೊಮೊ, ಕೊರಿಯಾದ ತಿಂಡಿ, ಥಾಯ್ ಕರಿ ಎಲ್ಲ ಸಿಗುತ್ತದಂತೆ. ನಾವು ಮೀನು, ಮೊಟ್ಟೆ ಮುಟ್ಟದವರು. ಯಾವುದಕ್ಕೆ ಏನು ಹಾಕಿರುತ್ತಾರೋ ಗೊತ್ತಾಗುವುದಿಲ್ಲ. ನನ್ನ ಮಲಯಾಳವೂ ಅಷ್ಟಕ್ಕಷ್ಟೆ. ಹೋಗಬಹುದಾ?
– ಓದುಗರು, ನೀರ್ಚಾಲು

ಉತ್ತರ: ಖಂಡಿತ ಹೋಗಿ ತಂಗಿ. ನಿಮ್ಮ ಕಾಗದ ಓದಿದ ಮೇಲೆ, ಕಳೆದ ಶನಿವಾರ ಕುಂಬಳೆಯಿಂದ ಬಸ್ಸು ಹತ್ತಿ ನಾನೂ ಅಂಥದ್ದೇ ಒಂದು ಅಂಗಡಿಗೆ ಹೋಗಿ ಬಂದೆ. ಐದು ಮೇಜು, ಗೋಡೆಗೆ ಒಂದು ಫ್ಯಾನು. ಅಡುಗೆಯವನು ಡಾರ್ಜಿಲಿಂಗ್ ಕಡೆಯ ಹುಡುಗ. ಇಲ್ಲಿಗೆ ಬಂದೇ ಮಲಯಾಳ ಕಲಿತನಂತೆ. ಹಾಗಾಗಿ ನಿಮ್ಮ ಮಲಯಾಳದ ಬಗ್ಗೆ ಸಂಕೋಚ ಬೇಡ. 'ಇದಿಲ್ ಮೀನ್, ಚೆಮ್ಮೀನ್, ಮುಟ್ಟ ಉಂಡೋ?' (ಇದರಲ್ಲಿ ಮೀನು, ಸಿಗಡಿ, ಮೊಟ್ಟೆ ಇದೆಯಾ?) ಇಷ್ಟು ಕೇಳಿದರೆ ಅರ್ಧ ಕೆಲಸ ಆಯಿತು.

ಉಳಿದ ಅರ್ಧ ಸಾಸಿನದ್ದು. ಕೆಲವು ವರ್ಷದ ಹಿಂದೆ ನನ್ನ ಜತೆ ಪಾಠ ಮಾಡುತ್ತಿದ್ದ ಟೀಚರೊಬ್ಬರನ್ನು ಬೇರೊಂದು ಕಡೆ ನೂಡಲ್ಸ್ ತಿನ್ನಲು ಕರೆದುಕೊಂಡು ಹೋಗಿದ್ದೆ. ಅವರೂ ನಿಮ್ಮ ಹಾಗೆ ಶುದ್ಧ ಸಸ್ಯಾಹಾರಿ. 'ವೆಜ್ ಆ?' ಅಂತ ಎರಡು ಸಲ ಕೇಳಿದೆ. 'ಹೌದು' ಅಂದರು ಅಡುಗೆಯವರು. ತಟ್ಟೆಯಲ್ಲಿ ಇದ್ದದ್ದು ಕ್ಯಾಬೇಜು, ಕ್ಯಾರೆಟ್ಟು ಅಷ್ಟೆ. ಕೈ ತೊಳೆಯಲು ಎದ್ದಾಗ ಒಲೆಯ ಪಕ್ಕ ಆಯಿಸ್ಟರ್ ಸಾಸಿನ ಬಾಟಲಿ ಕಂಡಿತು. ಆಯಿಸ್ಟರ್ ಅಂದರೆ ನಮ್ಮ ಪಡನ್ನ ಕಡೆಯವರು ಹೊಳೆಯಿಂದ ತೆಗೆಯುವ ಮುರು, ಚಿಪ್ಪಿನ ಜೀವಿ. ಟೀಚರು ಒಂದು ಮಾತೂ ಆಡಲಿಲ್ಲ, ಆದರೆ ಆ ದಿನವಿಡೀ ಅವರ ಮುಖ ಬಾಡಿತ್ತು. ನನಗೆ ಅದು ಇವತ್ತಿಗೂ ನೋವು. ಅಡುಗೆಯವರು ಸುಳ್ಳು ಹೇಳಿರಲಿಲ್ಲ. ಮಾಂಸದ ತುಂಡು ಇಲ್ಲದಿದ್ದರೆ ವೆಜ್ ಅಂತ ಅವರ ಲೆಕ್ಕ.

ಆದ್ದರಿಂದ ಬಾಟಲಿ ತೋರಿಸಿ ಅಂತ ಕೇಳಿ. ಸೋಯಾ ಸಾಸ್ ಸೋಯಾ, ಗೋಧಿ, ಉಪ್ಪು ಸೇರಿಸಿ ಹುಳಿ ಬರಿಸಿದ್ದು, ನಿಮಗೆ ಅಡ್ಡಿಯಿಲ್ಲ. ಫಿಶ್ ಸಾಸ್ ಮೀನು ಮತ್ತು ಉಪ್ಪನ್ನು ತಿಂಗಳುಗಟ್ಟಲೆ ಕೊಳೆಹಾಕಿ ಇಳಿಸಿದ ರಸ. ಥಾಯ್ ಅಡುಗೆಯಲ್ಲಿ ನಾವು ಉಪ್ಪು ಹಾಕುವ ಜಾಗಕ್ಕೆ ಅದನ್ನೇ ಹಾಕುತ್ತಾರೆ. ಕೊರಿಯಾದ ಕಿಮ್ಚಿ ನೋಡಲು ಬರೀ ಎಲೆಕೋಸಿನ ಉಪ್ಪಿನಕಾಯಿ, ಆದರೆ ಅದಕ್ಕೂ ಸಾಮಾನ್ಯವಾಗಿ ಉಪ್ಪು ಹಾಕಿದ ಸಿಗಡಿ ಸೇರಿರುತ್ತದೆ. ನಮ್ಮಲ್ಲಿ ತಯಾರಾದ ಬಾಟಲಿಯಾದರೆ ಚೌಕದೊಳಗೆ ಹಸಿರು ಚುಕ್ಕೆ ಇದೆಯಾ ನೋಡಿ, ಒಂದು ಕ್ಷಣದ ಕೆಲಸ.

ಏನು ತಿನ್ನಬಹುದು ಅಂದರೆ, ಆವಿಯಲ್ಲಿ ಬೇಯಿಸಿದ ತರಕಾರಿ ಮೊಮೊದಿಂದ ಶುರುಮಾಡಿ. ಮೈದಾ ಹಾಳೆಯೊಳಗೆ ಕ್ಯಾಬೇಜು, ಈರುಳ್ಳಿ, ಶುಂಠಿ. ನಾನು ಮೊದಲು ತಿಂದದ್ದು ಬೈಲಕುಪ್ಪೆಯಲ್ಲಿ. 1960ರ ದಶಕದ ಆರಂಭದಲ್ಲಿ ಟಿಬೆಟಿನವರು ಬಂದು ನೆಲೆಸಿದ ಊರದು. ಸುಳ್ಯ, ಮಡಿಕೇರಿ ದಾಟಿ ಹೋದರೆ ಸಿಗುತ್ತದೆ. ಕೋಳಿ ಮೊಮೊವನ್ನೂ ಅದೇ ಪಾತ್ರೆಯಲ್ಲಿ ಬೇಯಿಸುತ್ತಾರಾ ಅಂತ ಮಾತ್ರ ಕೇಳಿಕೊಳ್ಳಿ. ಪಕ್ಕದಲ್ಲಿ ಕೊಡುವ ಬಿಳಿ ಮಯೊನೀಸಿನಲ್ಲಿ ಮೊಟ್ಟೆ ಇರಬಹುದು. ಹಸಿ ಮೊಟ್ಟೆಯ ಮಯೊನೀಸನ್ನು ಕೇರಳದಲ್ಲಿ 2023ರ ಜನವರಿಯಲ್ಲೇ ನಿಷೇಧಿಸಿದ್ದಾರೆ. ಬಿಸಿಮಾಡಿ ಸಂಸ್ಕರಿಸಿದ ಮೊಟ್ಟೆಯದ್ದಕ್ಕೆ ಅನುಮತಿ ಇದೆ, ಹಾಗಾಗಿ ನೀವು ಕೇಳಲೇಬೇಕು. ಕೆಂಪು ಚಟ್ನಿ ಸಾಕು.

ನನಗೆ ತುಂಬಾ ಹಿಡಿಸಿದ್ದು ಆ ಹುಡುಗನದೇ ಕಲ್ಪನೆ. ನಮ್ಮ ಒತ್ತು ಶ್ಯಾವಿಗೆಯ ಮೇಲೆ ಥಾಯ್ ಹಸಿರು ಕರಿ. ಅಂಗಡಿಯಲ್ಲಿ ಸಿಗುವ ಥಾಯ್ ಮಸಾಲೆಯಲ್ಲಿ ಸಾಮಾನ್ಯವಾಗಿ ಸಿಗಡಿ ಇರುತ್ತದೆ ಅಂತ ಅವನು ತಾನೇ ರುಬ್ಬುತ್ತಾನೆ. ಮಿಕ್ಸಿಯ ಮುಚ್ಚಳ ತೆಗೆದು ತೋರಿಸಿದ. ಮಜ್ಜಿಗೆ ಹುಲ್ಲಿನ ಬುಡ, ಗಾಂಧಾರಿ ಮೆಣಸು, ಕೊತ್ತಂಬರಿ, ಬೆಳ್ಳುಳ್ಳಿ. ಮೂಗಿಗೆ ಘಮ್ ಅಂತ ಹೊಡೆಯಿತು. ಮೊದಲ ಕಾಯಿಹಾಲು ಕೊನೆಗೆ ಸೇರಿಸಿ, ಕುದಿ ಬರುವ ಮೊದಲೇ ಇಳಿಸಿದ. ನಾವು ಮನೆಯಲ್ಲಿ ಮಾಡುವುದೂ ಹಾಗೇ ಅಲ್ವಾ? ಶ್ಯಾವಿಗೆ ಎಳೆ ಎಳೆಯಾಗಿ ಆ ರಸ ಹೀರಿಕೊಂಡಿತ್ತು. ಮಲೇಷಿಯಾ, ಸಿಂಗಾಪುರಗಳಲ್ಲಿ ಇದೇ ಶ್ಯಾವಿಗೆಯನ್ನು 'ಪುಟು ಮಾಯಂ' ಅಂತ ಬೆಲ್ಲ, ಕಾಯಿತುರಿ ಜತೆ ಬೀದಿಯಲ್ಲಿ ಮಾರುತ್ತಾರೆ. ಇಲ್ಲಿಂದ ಕಡಲು ದಾಟಿ ಹೋದದ್ದು ಈಗ ಬೇರೆ ರುಚಿ ಹೊತ್ತು ವಾಪಸು ಬಂದ ಹಾಗೆ ಅನಿಸಿತು.

ಮಗಳು ಕೊರಿಯಾದ ತೊಕ್‌ಬೊಕ್ಕಿ ಕೇಳಬಹುದು. ಅಕ್ಕಿಹಿಟ್ಟಿನ ಉದ್ದುದ್ದ ತುಂಡುಗಳು, ಕೆಂಪು ಖಾರದ ಸಾಸಿನಲ್ಲಿ ಬೆಂದಿರುತ್ತವೆ. ಕಚ್ಚಿದರೆ ನಮ್ಮ ಪುಂಡಿಗಿಂತ ಜಾಸ್ತಿ ಅಂಟು. ಅದರ ಸಾರಿಗೆ ಒಣಮೀನು ಹಾಕುವ ಪದ್ಧತಿಯಿದೆ. ನೀವು ನೀರಿನಲ್ಲೇ ಮಾಡಿಕೊಡಲು ಹೇಳಿ. ಹತ್ತು ನಿಮಿಷ ಕಾಯಬೇಕಾಗುತ್ತದೆ, ಅಷ್ಟೆ. ಸಂಜೆ ಏಳರ ಮೇಲೆ ಗದ್ದಲ ಜಾಸ್ತಿ. ನಾಲ್ಕೂವರೆಗೆ ಹೋದರೆ ಅವನಿಗೂ ಉತ್ತರ ಕೊಡಲು ಪುರುಸೊತ್ತು ಇರುತ್ತದೆ.

ಪ್ರಶ್ನೆ: ಗೋಬಿ ಮಂಚೂರಿಗೆ ಬಣ್ಣ ಹಾಕುವುದನ್ನು ಕರ್ನಾಟಕದಲ್ಲಿ ನಿಲ್ಲಿಸಿದರು. ತಲಪಾಡಿ ಗಡಿ ದಾಟಿ ಈಚೆ ಕೇರಳಕ್ಕೆ ಬಂದರೆ ಆ ಕಾನೂನು ಇಲ್ವಾ?
– ಓದುಗರು, ಮಂಜೇಶ್ವರ

ಉತ್ತರ: ಕರ್ನಾಟಕದ ಆದೇಶ 2024ರ ಮಾರ್ಚಿನದ್ದು, ಆ ರಾಜ್ಯಕ್ಕೆ ಮಾತ್ರ. ಆದರೆ ಆಗ ಸುದ್ದಿಯಾದ ರೊಡಮಿನ್-ಬಿ ಬಟ್ಟೆಗೆ ಹಾಕುವ ಬಣ್ಣ. ಅದನ್ನು ಆಹಾರಕ್ಕೆ ಹಾಕಲು ದೇಶದಲ್ಲಿ ಎಲ್ಲೂ ಅನುಮತಿ ಇಲ್ಲ. ತಲಪಾಡಿಯ ಆಚೆಯೂ ಇಲ್ಲ, ಈಚೆಯೂ ಇಲ್ಲ. ತಟ್ಟೆಯ ಕೆಂಪು ಕಣ್ಣಿಗೆ ರಾಚುವಂತಿದ್ದರೆ ತಿನ್ನಬೇಡಿ. 'ಬಣ್ಣ ಹಾಕದೆ ಮಾಡಿಕೊಡಿ' ಅಂತ ಕೇಳಿ. ಬ್ಯಾಡಗಿ ಮೆಣಸು ನೆನೆಸಿ ರುಬ್ಬಿ ಹಾಕಿದರೆ ಖಾರ ಏರದೆ ಒಳ್ಳೆಯ ಕೆಂಪು ಬರುತ್ತದೆ. ನಾನು ಮನೆಯಲ್ಲಿ ಕಾಲು ಕಿಲೋ ಹೂಕೋಸಿಗೆ ಆರು ಮೆಣಸು ಹಾಕುತ್ತೇನೆ.