ನಾಯಿಗೆ ಇನ್ಶೂರೆನ್ಸ್ ಬೇಕಾ? ನಮ್ಮ ಕರಿಯನ ಆರು ವರ್ಷದ ಲೆಕ್ಕ

ನಿಮ್ಮ ಪ್ರಶ್ನೆ ಓದಿದೆ. ಠಾಣೆಯಲ್ಲಿದ್ದೀರಿ, ಎಂಟು ತಿಂಗಳ ಬೀಗಲ್ ಮರಿ ಇದೆ. ವರ್ಷಕ್ಕೆ 6,500 ರೂಪಾಯಿ ಕಟ್ಟಿ ಇನ್ಶೂರೆನ್ಸ್ ಮಾಡಿಸಿ ಅಂತ ಏಜೆಂಟ್ ಹೇಳ್ತಿದ್ದಾರೆ, ಮನೆಯವರು ದುಡ್ಡು ದಂಡ ಅಂತಿದ್ದಾರೆ. ನಾನು ನಿಮ್ಮ ಪಕ್ಕದ ಸ್ಟೇಷನ್ ಮುಲುಂಡ್‌ನವಳು. ನಮ್ಮ ಕಪ್ಪು ಲ್ಯಾಬ್ರಡಾರ್ ಕರಿಯನಿಗೆ 2020ರಿಂದ ಪ್ರೀಮಿಯಂ ಕಟ್ಟುತ್ತಾ ಬಂದಿದ್ದೇನೆ. ಒಂದು ಸಲ ದುಡ್ಡು ಬಂತು, ಒಂದು ಸಲ ಬರಲಿಲ್ಲ. ಎರಡನ್ನೂ ಹೇಳುತ್ತೇನೆ.

ನನ್ನ ಮಾತು ಕೇಳುವುದಾದರೆ ಮಾಡಿಸಿ. ಆದರೆ ಅದಕ್ಕೂ ಮೊದಲು ನಿಮ್ಮ ಕೈಯಲ್ಲಿ ಐವತ್ತು ಸಾವಿರದ ಇಡುಗಂಟು ಇರಲಿ, ಬೇಕೆಂದಾಗ ತೆಗೆಯಲು ಬರುವ ಹಾಗೆ. ಏಜೆಂಟ್ ಇದನ್ನು ಹೇಳುವುದಿಲ್ಲ. ನನಗೂ ಯಾರೂ ಹೇಳಿರಲಿಲ್ಲ.

2022ರ ಮೇ ತಿಂಗಳು. ಕುಂದಾಪುರದಿಂದ ನಾದಿನಿ ಮತ್ಸ್ಯಗಂಧ ರೈಲಿನಲ್ಲಿ ಬಂದಿದ್ದಳು, ಜೊತೆಗೆ ಒಂದು ಚೀಲ ಕಾಟು ಮಾವಿನ ಹಣ್ಣು. ಅದಕ್ಕೆ ಕಾಯಿ, ಸಾಸಿವೆ ಅರೆದು ಹಾಕಿ ಸಾಸ್ಮಿ ಮಾಡಿದೆವು. ಊಟ ಮುಗಿದ ಮೇಲೆ ತಟ್ಟೆಗಳ ತುಂಬ ಚೀಪಿದ ಗೊರಟು. ಕಾಟು ಮಾವಿನ ಗೊರಟು ಸಣ್ಣದು, ಜಾರುತ್ತದೆ, ಸಿಹಿ ಬೇರೆ. ಮರುದಿನ ಕರಿಯ ಎರಡು ಸಲ ವಾಂತಿ ಮಾಡಿದ. ಸೆಖೆಗೆ ಇರಬೇಕು ಅಂದುಕೊಂಡು ಮಜ್ಜಿಗೆ ಅನ್ನ ಕೊಟ್ಟೆ. ಅದೂ ಹೊರಗೆ ಬಂತು. ಮೂರನೆಯ ದಿನ ನೀರು ಕುಡಿದರೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಹೊಟ್ಟೆ ಮುಟ್ಟಿದರೆ ಬೆನ್ನನ್ನು ಬಿಲ್ಲಿನ ಹಾಗೆ ಬಗ್ಗಿಸಿ ನಿಲ್ಲುತ್ತಿದ್ದ. ರಾತ್ರಿ ಹತ್ತೂವರೆಗೆ ಖಾಸಗಿ ಆಸ್ಪತ್ರೆಗೆ ಓಡಿದೆವು. ಎಕ್ಸ್‌ರೇಯಲ್ಲಿ ಗ್ಯಾಸ್ ತುಂಬಿದ ಕರುಳು ಕಂಡಿತು, ಗೊರಟು ಸರಿಯಾಗಿ ಕಾಣಲಿಲ್ಲ. ಸೋನೋಗ್ರಫಿ ಮಾಡಿದಾಗ ಸಿಕ್ಕಿತು. ಸಣ್ಣ ಕರುಳಿನಲ್ಲಿ ಅಡ್ಡಲಾಗಿ ಕೂತಿತ್ತು. ಬೆಳಗಿನ ತನಕ ಕಾಯುವ ಹಾಗಿಲ್ಲ, ಕರುಳು ಕೊಳೆಯಲು ಶುರುವಾದರೆ ಕಷ್ಟ ಅಂದರು ಡಾಕ್ಟರು.

ಆಗ ಕೌಂಟರ್‌ನಲ್ಲಿ ಮೂವತ್ತು ಸಾವಿರ ಡಿಪಾಸಿಟ್ ಕೇಳಿದರು. "ಇನ್ಶೂರೆನ್ಸ್ ಇದೆ" ಅಂದೆ. ಅಲ್ಲಿದ್ದ ಹುಡುಗಿ ಬಹಳ ಮರ್ಯಾದೆಯಿಂದಲೇ ಹೇಳಿದಳು, ಬಿಲ್ ಈಗ ನೀವು ಕಟ್ಟಿ, ಕ್ಲೇಮ್ ಆಮೇಲೆ ನೀವೇ ಮಾಡಿಕೊಳ್ಳಿ ಅಂತ. ನಮ್ಮ ಪಾಲಿಸಿಯಲ್ಲಿ ಕ್ಯಾಶ್‌ಲೆಸ್ ಇರಲಿಲ್ಲ. ಮೊದಲು ಖರ್ಚು ಮಾಡಬೇಕು, ಆಮೇಲೆ ಅವರು ವಾಪಸ್ ಕೊಡುತ್ತಾರೆ. ಯಜಮಾನರ ಕಾರ್ಡಿನಲ್ಲಿ ಹದಿನೆಂಟು ಸಾವಿರ ಹೋಯಿತು. ಉಳಿದದ್ದಕ್ಕೆ ಪಕ್ಕದ ಮನೆಯ ಗುಜರಾತಿ ಬೆನ್‌ಗೆ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದೆ. ಪುಣ್ಯಕ್ಕೆ ಎತ್ತಿದರು. ಎತ್ತದಿದ್ದರೆ ಏನಾಗುತ್ತಿತ್ತು ಅಂತ ಈಗಲೂ ಒಂದೊಂದು ಸಲ ಯೋಚನೆ ಬರುತ್ತದೆ.

ಆಪರೇಷನ್ ಮುಗಿಸಿ ಡಾಕ್ಟರು ಸ್ಟೀಲ್ ಟ್ರೇಯಲ್ಲಿ ಗೊರಟು ತಂದು ತೋರಿಸಿದರು. ನಾರು ಇನ್ನೂ ಅಂಟಿಕೊಂಡೇ ಇತ್ತು, ಬಣ್ಣ ಮಾತ್ರ ಕಪ್ಪಾಗಿತ್ತು. ನಾಲ್ಕು ದಿನ ಅಲ್ಲೇ ಇಟ್ಟುಕೊಂಡರು. ಒಟ್ಟು ಬಿಲ್ 68,400. ನಮ್ಮ ಪಾಲಿಸಿಯಲ್ಲಿ ಆಪರೇಷನ್ನಿಗೆ ಮಿತಿ 50,000, ಅದರಲ್ಲೂ ನೂರಕ್ಕೆ ಹತ್ತು ನಮ್ಮ ಪಾಲು. ಹಾಗಾಗಿ ಕೈಗೆ ಬಂದದ್ದು 45,000, ಅದೂ 41ನೆಯ ದಿನಕ್ಕೆ. ಡಿಸ್ಚಾರ್ಜ್ ಕಾಗದ, ಸೋನೋಗ್ರಫಿ ರಿಪೋರ್ಟ್, ಔಷಧಿಯ ಒಂದೊಂದು ಚೀಟಿ, ಲಸಿಕೆ ಕಾರ್ಡ್, ಫೋಟೋ, ಎಲ್ಲ ಕೇಳಿದರು. ಒಂದು ಬಿಲ್‌ನಲ್ಲಿ ಕರಿಯನ ಹೆಸರಿನ ಬದಲು ನನ್ನ ಹೆಸರು ಮಾತ್ರ ಇತ್ತು. ಅದನ್ನು ಸರಿ ಮಾಡಿಸಲು ಮತ್ತೆ ಆಸ್ಪತ್ರೆಗೆ ಹೋದೆ.

ಈ ಕಾಗದಪತ್ರದ ಕಾಟ ನನಗೆ ಹೊಸದೇನಲ್ಲ. ಊರಲ್ಲಿ ಅಪ್ಪ ಬ್ಯಾಂಕ್ ಸಾಲ ಮಾಡಿ ಹಸು ತಂದಾಗ ವಿಮೆ ಮಾಡಿಸಲೇಬೇಕಿತ್ತು. ಹಸುವಿನ ಕಿವಿಗೆ ನಂಬರ್ ಇರುವ ಓಲೆ ಹಾಕುತ್ತಿದ್ದರು. ಓಲೆ ಬಿದ್ದುಹೋದರೆ ದುಡ್ಡಿಲ್ಲ. ಅದಕ್ಕೇ ಅಪ್ಪ ಸಂಜೆ ಕೊಟ್ಟಿಗೆಗೆ ಹೋದರೆ ಮೊದಲು ಕಿವಿ ನೋಡುತ್ತಿದ್ದರು. ನಾಯಿಗೆ ಆ ಓಲೆಯ ಜಾಗದಲ್ಲಿ ಮೈಕ್ರೋಚಿಪ್ ಬಂದಿದೆ. ಅಕ್ಕಿ ಕಾಳಿನಷ್ಟು ದೊಡ್ಡದು, ಕುತ್ತಿಗೆಯ ಹಿಂದೆ ಚರ್ಮದ ಕೆಳಗೆ ಸೂಜಿಯಲ್ಲಿ ಹಾಕುತ್ತಾರೆ, ಸ್ಕ್ಯಾನರ್ ಹಿಡಿದರೆ 15 ಅಂಕಿಯ ನಂಬರ್ ಬರುತ್ತದೆ. ಪಾಲಿಸಿ ತಗೊಳ್ಳದಿದ್ದರೂ ಹಾಕಿಸಿ. ಬೀಗಲ್ ಮೂಗು ನೆಲಕ್ಕಿಟ್ಟು ವಾಸನೆ ಹಿಡಿದು ಹೊರಟರೆ ಕೂಗಿದ್ದು ಕೇಳಿಸುವುದೇ ಇಲ್ಲ, ಕಳೆದುಹೋಗುವುದು ಸುಲಭ.

ಈಗ ದುಡ್ಡು ಬರದ ಕಥೆ. ಕರಿಯ ಐದು ತಿಂಗಳ ಮರಿ ಇದ್ದಾಗ ಮಳೆಗಾಲದಲ್ಲಿ ಕಿವಿ ಸೋರಿತ್ತು. ಡ್ರಾಪ್ಸ್ ಹಾಕಿದೆವು, ವಾರಕ್ಕೆ ವಾಸಿಯಾಯಿತು. ಪಾಲಿಸಿ ಶುರುವಾದದ್ದು ಅದಾದ ಮೇಲೆ. 2024ರಲ್ಲಿ ಅದೇ ಕಿವಿ ಮತ್ತೆ ತುರಿಸಲು ಶುರುವಾಗಿ, ತಲೆ ಕೊಡವಿ ಕೊಡವಿ ಕಿವಿಯೊಳಗೆ ರಕ್ತ ಕಟ್ಟಿಕೊಂಡಿತು. ಬೆಳಿಗ್ಗೆ ಎದ್ದು ನೋಡಿದರೆ ಕಿವಿ ಕಡುಬಿನ ಹಾಗೆ ಊದಿತ್ತು, ಮುಟ್ಟಿದರೆ ಬಿಸಿ. ಕೊಯ್ದು ರಕ್ತ ತೆಗೆದು ಹೊಲಿಗೆ ಹಾಕಿದರು, 14,200 ಆಯಿತು. ಕಂಪನಿಯವರು ಹಳೆಯ ಫೈಲ್ ತರಿಸಿಕೊಂಡು, ಇದು ಪಾಲಿಸಿಗಿಂತ ಮೊದಲೇ ಇದ್ದ ಖಾಯಿಲೆ ಅಂತ ಬರೆದು ಕಳಿಸಿದರು. ನಾಲ್ಕು ವರ್ಷದ ಹಿಂದೆ ವಾಸಿಯಾದ ಕಿವಿ! ನನಗೆ ಆಗಲೂ ಅನ್ಯಾಯ ಅನಿಸಿತು, ಈಗಲೂ ಅನಿಸುತ್ತದೆ. ಕಂಪನಿಯ ದೂರು ವಿಭಾಗಕ್ಕೆ ಬರೆದೆ, ಅದೇ ಉತ್ತರ ಬಂತು. ಅಲ್ಲಿಗೆ ಬಿಟ್ಟುಬಿಟ್ಟೆ, ಬಿಡಬಾರದಿತ್ತು. ಕಂಪನಿ ಇಲ್ಲ ಅಂದರೆ, ಅಥವಾ ಒಂದು ತಿಂಗಳಾದರೂ ಉತ್ತರ ಕೊಡದಿದ್ದರೆ, ವಿಮೆಯ ದೂರು ಕೇಳಿ ತೀರ್ಮಾನ ಮಾಡುವ ವಿಮಾ ಓಂಬುಡ್ಸ್‌ಮನ್ ಹತ್ತಿರ ಹೋಗಬಹುದು. ನಿಮ್ಮ ಜಾಗಕ್ಕೆ ಅವರ ಯಾವ ಆಫೀಸ್ ಅಂತ ಮೊದಲು ಕೇಳಿಕೊಳ್ಳಿ. ಫೀಸ್ ಇಲ್ಲ, ವಕೀಲರೂ ಬೇಡ. ಕಂಪನಿ ಇಲ್ಲ ಅಂದ ಒಂದು ವರ್ಷದೊಳಗೆ ಹೋಗಬೇಕು. ಆ ವರ್ಷ ಅಪ್ಪನಿಗೆ ಹುಷಾರಿರಲಿಲ್ಲ, ಊರಿಗೂ ಇಲ್ಲಿಗೂ ಓಡಾಡುವುದರಲ್ಲಿ ದಿನ ದಾಟಿಹೋಯಿತು.

ನಾನು ಕರಿಯನ ಖರ್ಚನ್ನೆಲ್ಲ ಒಂದು ಉದ್ದ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಮೊದಲ ವರ್ಷ ಪ್ರೀಮಿಯಂ 4,850 ಇತ್ತು, ವಯಸ್ಸಿನ ಜೊತೆ ಏರುತ್ತಾ ಆರನೆಯ ವರ್ಷಕ್ಕೆ 7,900 ಆಯಿತು. ಆರು ವರ್ಷಕ್ಕೆ ಒಟ್ಟು 36,900 ಕಟ್ಟಿದ್ದೇನೆ, ವಾಪಸ್ ಬಂದದ್ದು 45,000. ಆ ಗೊರಟು ನುಂಗದೇ ಇದ್ದಿದ್ದರೆ ಅಷ್ಟೂ ದುಡ್ಡು ಹೋದ ಹಾಗೆ. ಹಾಗಾಗಿ ನಿಮ್ಮ ಮನೆಯವರು ಹೇಳುವುದು ಪೂರ್ತಿ ತಪ್ಪಲ್ಲ. ಇನ್ನೊಂದು ವಿಷಯ ಆ ಪುಸ್ತಕದಿಂದಲೇ ಗೊತ್ತಾಯಿತು. ಜಾಸ್ತಿ ಸಲ ಬರೆದಿರುವುದು ಆಪರೇಷನ್ ಅಲ್ಲವೇ ಅಲ್ಲ. ಲಸಿಕೆ, ಜಂತುಹುಳದ ಮಾತ್ರೆ, ಉಣ್ಣೆ ಹುಳುವಿನ ಔಷಧಿ, ಚರ್ಮದ ತುರಿಕೆ, ಹಲ್ಲು ಕ್ಲೀನಿಂಗ್. ನಮ್ಮ ಪಾಲಿಸಿ ಇದಕ್ಕೆಲ್ಲ ಒಂದು ಪೈಸೆ ಕೊಡುವುದಿಲ್ಲ. ಅಡ್ಮಿಟ್ ಆಗಬೇಕು ಅಥವಾ ಆಪರೇಷನ್ ಆಗಬೇಕು. ಓಪಿಡಿ, ಅಂದರೆ ಅಡ್ಮಿಟ್ ಆಗದೆ ತೋರಿಸಿಕೊಂಡು ಬರುವ ಖರ್ಚು, ಬೇಕಿದ್ದರೆ ಬೇರೆ ದುಡ್ಡು ಕಟ್ಟಬೇಕು, ಅದರ ಮಿತಿ ನೋಡಿದರೆ ಕಟ್ಟುವುದಕ್ಕೂ ಸಿಗುವುದಕ್ಕೂ ದೊಡ್ಡ ವ್ಯತ್ಯಾಸ ಇರಲಿಲ್ಲ. ನಾನು ಬೇಡ ಅಂದೆ.

ನಾಯಿ ಸತ್ತರೆ ದುಡ್ಡು, ಕಳೆದುಹೋದರೆ ದುಡ್ಡು ಅನ್ನುವ ಕವರ್‌ಗಳನ್ನೂ ತೋರಿಸುತ್ತಾರೆ. ನಾವು ನಾಯಿಯನ್ನು ಮಾರಲು ಸಾಕಿದವರಲ್ಲ, ಅವನು ಹೋದ ಮೇಲೆ ಬರುವ ದುಡ್ಡಿನಿಂದ ಏನು ಮಾಡೋಣ? ಬೇರೆಯವರಿಗೆ ಕಚ್ಚಿದರೆ ಕೊಡುವ ಕವರ್ ಮಾತ್ರ ಯೋಚಿಸಿ. ಸೊಸೈಟಿ ಲಿಫ್ಟ್‌ನಲ್ಲಿ ದಿನಾ ಮಕ್ಕಳ ಜೊತೆ ಓಡಾಡುವುದಲ್ವಾ.

ನಿಮಗೆ ಮಾಡಿಸಿ ಅನ್ನುತ್ತಿರುವುದು ಅದು ಬೀಗಲ್ ಆದ್ದರಿಂದ. ಕಂಡದ್ದನ್ನೆಲ್ಲ ತಿನ್ನುವ ಜಾತಿ, ನಮ್ಮ ಲ್ಯಾಬ್‌ನ ಹಾಗೇ. ಜೋಲು ಕಿವಿ, ನಮ್ಮ ಮಳೆಗಾಲದ ತೇವಕ್ಕೆ ಸೋಂಕು ಬೇಗ. ಬೆನ್ನುಮೂಳೆಯ ಡಿಸ್ಕ್ ಜಾರುವುದು, ಕಣ್ಣಿನ ಮೂಲೆಯಲ್ಲಿ ಕೆಂಪು ಗಡ್ಡೆ ಹೊರಬರುವುದು, ಫಿಟ್ಸ್, ಇವೆಲ್ಲ ಬೀಗಲ್‌ಗಳಲ್ಲಿ ಕಾಣುತ್ತವೆ. ಆದ್ದರಿಂದ ಏಜೆಂಟ್ ಹತ್ತಿರ ಬಾಯಿಮಾತು ಬೇಡ, ಪಾಲಿಸಿಯ ಪೂರ್ತಿ ಷರತ್ತು ತರಿಸಿಕೊಂಡು ಹುಟ್ಟಿನಿಂದ ಬರುವ ಖಾಯಿಲೆಗಳ ಬಗ್ಗೆ ಏನು ಬರೆದಿದೆ ಓದಿ. ಡಿಸ್ಕ್ ಮತ್ತು ಕಣ್ಣು ಎರಡೂ ಹೊರಗೆ ಅಂತಿದ್ದರೆ ಬೀಗಲ್‌ಗೆ ಆ ಪಾಲಿಸಿಯಿಂದ ಏನು ಪ್ರಯೋಜನ? ಒಂದು ಆಪರೇಷನ್ನಿಗೆ ಮಿತಿ ಐವತ್ತು ಸಾವಿರಕ್ಕಿಂತ ಕಡಿಮೆ ಇದ್ದರೂ ಬಿಡಿ. ಪಾಲಿಸಿ ಶುರುವಾಗಿ ಎಷ್ಟು ದಿನದ ಮೇಲೆ ಕ್ಲೇಮ್ ಮಾಡಬಹುದು ಅನ್ನುವುದನ್ನೂ ನೋಡಿಕೊಳ್ಳಿ. ಮರಿಗೆ ಈಗಾಗಲೇ ಏನಾದರೂ ಆಗಿದ್ದರೆ ಫಾರ್ಮ್‌ನಲ್ಲಿ ಬರೆದುಬಿಡಿ, ಮುಚ್ಚಿಟ್ಟರೆ ಮುಂದೆ ಎಲ್ಲಾ ಕ್ಲೇಮಿಗೂ ತೊಂದರೆ. ಏನೂ ಆಗಿಲ್ಲದಿದ್ದರೆ ತಡ ಮಾಡಬೇಡಿ, ಫೈಲ್ ಖಾಲಿ ಇರುವಾಗಲೇ ಮಾಡಿಸಿ.

ಲಸಿಕೆಯ ತಾರೀಖು ತಪ್ಪಿಸಬೇಡಿ. ಲಸಿಕೆಯಿಂದ ತಡೆಯಬಹುದಾದ ರೋಗ ಬಂದು, ಕಾರ್ಡಿನಲ್ಲಿ ಲಸಿಕೆ ಇಲ್ಲದಿದ್ದರೆ ಕ್ಲೇಮ್ ಸಿಗುವುದಿಲ್ಲ. ನಮ್ಮಲ್ಲಿ ಮುಖ್ಯವಾಗಿ ಲೆಪ್ಟೋ, ಅಂದರೆ ಇಲಿಜ್ವರ. ಮಳೆನೀರು ನಿಂತ ಕಡೆ ಇಲಿಯ ಮೂತ್ರ ಸೇರಿರುತ್ತದೆ, ನಾಯಿಗೂ ಬರುತ್ತದೆ, ನಮಗೂ ಬರುತ್ತದೆ. ಅದರ ಲಸಿಕೆ ವರ್ಷಕ್ಕೊಮ್ಮೆ, ಜೂನ್‌ಗೆ ಮೊದಲೇ ಹಾಕಿಸಿ.

ನಮ್ಮಲ್ಲಿ ಇನ್ನೊಬ್ಬಳಿದ್ದಾಳೆ, ಚುಕ್ಕಿ. ಬಿಲ್ಡಿಂಗ್ ಕೆಳಗೆ ಹುಟ್ಟಿದ ಬೀದಿನಾಯಿಯ ಮರಿ. ಅವಳಿಗೆ ಇನ್ಶೂರೆನ್ಸ್ ಇಲ್ಲ. ಸ್ಟೆರಿಲೈಸೇಷನ್ ಮಾಡಿಸಿದ್ದೇವೆ, ಹಾಗಾಗಿ ಗರ್ಭಕೋಶದಲ್ಲಿ ಕೀವು ತುಂಬುವ ಆ ದೊಡ್ಡ ಭಯ ಇಲ್ಲ. ಬ್ಯಾಂಕಿನಲ್ಲಿ ತಿಂಗಳಿಗೆ ಸಾವಿರದ ಆರ್‌ಡಿ (ತಿಂಗಳು ತಿಂಗಳು ಹಾಕುವ ಠೇವಣಿ) ಕಟ್ಟುತ್ತೇನೆ. ನಾನು ಹೇಳಿದ ಇಡುಗಂಟು ಅದೇ, ಇಬ್ಬರಿಗೂ ಸೇರಿ. ದುಡ್ಡು ಸಾಲದೆ ಹೋದರೆ ಮುಂಬೈಯ ಪರೇಲ್ ಇದೆ. ಅಲ್ಲಿಯ ಬಾಯಿ ಸಕರ್‌ಬಾಯಿ ಪ್ರಾಣಿಗಳ ಆಸ್ಪತ್ರೆ ಬಹಳ ಹಳೆಯದು, ಪಶುವೈದ್ಯ ಕಾಲೇಜೂ ಅಲ್ಲೇ. ಖಾಸಗಿ ಕ್ಲಿನಿಕ್‌ಗಿಂತ ಬಹಳ ಕಡಿಮೆಯಲ್ಲಿ ಆಗುತ್ತದೆ, ಸಾಲಿನಲ್ಲಿ ಕಾಯಬೇಕು ಅಷ್ಟೆ. 2024ರಲ್ಲಿ ಮಹಾಲಕ್ಷ್ಮಿಯಲ್ಲಿ ಟಾಟಾದವರ ಸಣ್ಣ ಪ್ರಾಣಿಗಳ ಆಸ್ಪತ್ರೆ ಶುರುವಾಗಿದೆ, ರಾತ್ರಿಯೂ ತೆರೆದಿರುತ್ತದೆ. ಠಾಣೆಯಿಂದ ದೂರವೇ, ಆದರೂ ನಂಬರ್ ಫೋನಿನಲ್ಲಿರಲಿ.

ಕರಿಯನ ಏಳನೆಯ ಪ್ರೀಮಿಯಂ ನವೆಂಬರ್‌ನಲ್ಲಿ ಬರುತ್ತದೆ, 8,700 ಅಂದಿದ್ದಾರೆ. ಮೂತಿಯ ಮೇಲೆ ಬಿಳಿ ಕೂದಲು ಬಂದಿದೆ, ಮೆಟ್ಟಿಲು ಹತ್ತುವಾಗ ಹಿಂಗಾಲು ಸ್ವಲ್ಪ ತಡೆಯುತ್ತದೆ. ಈಗ ಬಿಟ್ಟರೆ ಈ ವಯಸ್ಸಿಗೆ ಹೊಸದಾಗಿ ಯಾರೂ ಸುಲಭವಾಗಿ ಕೊಡುವುದಿಲ್ಲ, ಕೊಟ್ಟರೂ ಕಾಲನ್ನು ಹೊರಗಿಡುತ್ತಾರೆ. ನಾನು ಕಟ್ಟುತ್ತೇನೆ. ನಿಮ್ಮ ಪಾಲಿಸಿಯ ಷರತ್ತಿನ ಪುಟಗಳು ಸಿಕ್ಕಿದರೆ ಕಳಿಸಿ, ಕೂತು ಓದಿ ಹೇಳುತ್ತೇನೆ.