ಬೇರಿಂಗ್ ಆಟ ತೋರಿಸಿ ಮಾರೋ ಆಯಿಲ್ ಬಾಟಲಿ ಟ್ರ್ಯಾಕ್ಟರ್‌ಗೆ ಬೇಕಾ?

ಅಣ್ಣ, ಮೇಳದ ಮಳಿಗೆಯ ವಿಡಿಯೋ ನೋಡ್ದೆ. ಮೋಟರ್‌ಗೆ ಸ್ಟೀಲ್ ಬಳೆ ಕೂರಿಸಿ ತಿರುಗಿಸ್ತಾರೆ, ಮೇಲೆ ಬೇರಿಂಗಿನ ರೋಲರ್ ಒತ್ತಿ ಸನ್ನೆಕೋಲಿಗೆ ತೂಕ ನೇತುಹಾಕ್ತಾರೆ. ಬರೀ ಎಂಜಿನ್ ಆಯಿಲಲ್ಲಿ ಎರಡನೇ ತೂಕಕ್ಕೇ ಕಿರುಚಿ ಮೋಟರ್ ನಿಂತ್ಕೊಳ್ಳುತ್ತೆ. ಎಂಜಿನ್ ಆಯಿಲಿಗೆ ಬೆರೆಸಿ ಅಂತ ಮಾರೋ ಬಾಟಲಿಯದ್ದು ನಾಲ್ಕು ಹನಿ ಬಿಟ್ಟ ಮೇಲೆ ಎಂಟು ತೂಕ ಹಾಕಿದ್ರೂ ತಿರುಗ್ತಾನೇ ಇರುತ್ತೆ. 3,200 ಗಂಟೆ ಓಡಿರೋ ಟ್ರ್ಯಾಕ್ಟರ್, ಬೆಳಿಗ್ಗೆ ಸ್ವಲ್ಪ ನೀಲಿ ಹೊಗೆ, ಹಾಕಬಹುದಾ ಅಂತ ಕೇಳಿದ್ದೀರಿ. ಬೇಡ. ಅಲ್ಲಿ ಕಂಡದ್ದು ಕಣ್ಕಟ್ಟಲ್ಲ, ನಿಜವಾಗಿ ನಡೆಯೋದೇ. ಆದರೆ ಎಂಜಿನ್ ಒಳಗೆ ನಡೆಯೋ ಕೆಲಸ ಅದಲ್ಲ.

ರೋಲರ್ ಬಳೆಗೆ ತಾಗೋದು ಕೂದಲೆಳೆಯಷ್ಟು ಜಾಗದಲ್ಲಿ. ಇಡೀ ತೂಕ ಅಲ್ಲೇ ಬೀಳುತ್ತೆ, ಆಯಿಲ್ ಪದರ ಹರಿದು ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತೆ. ಕ್ರ್ಯಾಂಕ್ ಬೇರಿಂಗಲ್ಲಿ ಹಾಗಲ್ಲ. ಶಾಫ್ಟನ್ನ ಶೆಲ್, ಅಂದ್ರೆ ಬೇರಿಂಗಿನ ಅರ್ಧಬಳೆಗಳು, ಅಂಗೈಯಲ್ಲಿ ಹಿಡಿದ ಹಾಗೆ ಸುತ್ತುವರಿದಿರುತ್ತೆ, ಪಂಪ್ ಆಯಿಲ್ ತುಂಬ್ತಾನೇ ಇರುತ್ತೆ, ಶಾಫ್ಟ್ ತಿರುಗೋ ರಭಸಕ್ಕೇ ಆಯಿಲ್ ಒಳಗೆ ಎಳೆದುಕೊಂಡು ಶಾಫ್ಟನ್ನ ತೇಲಿಸುತ್ತೆ. ವಾಲ್ವ್ ಎತ್ತೋ ಕ್ಯಾಮ್, ಟ್ಯಾಪೆಟ್‌ಗಳಲ್ಲಿ, ಪಿಸ್ಟನ್ ರಿಂಗಿನ ಓಟದ ಎರಡು ತುದಿಗಳಲ್ಲಿ ಲೋಹ ಲೋಹಕ್ಕೆ ತಾಗೋದು ಉಂಟು. ಅದಕ್ಕೆ ಬೇಕಾದ ಜಿಂಕ್-ರಂಜಕದ ಸಂಯುಕ್ತ ಒಳ್ಳೆ ಡೀಸೆಲ್ ಆಯಿಲಲ್ಲಿ ಕಂಪನಿಯವರೇ ಲೆಕ್ಕ ಹಾಕಿ ಬೆರೆಸಿರ್ತಾರೆ.

ಇನ್ನೊಂದು ಮೇಳದಲ್ಲಿ ಇದೇ ಆಟ ಕಂಡರೆ ಅವನ ಮುಂದೆ ಅರ್ಧ ಲೀಟರ್ ಇಪಿ 90 ಗೇರ್ ಆಯಿಲ್ ಇಡಿ, ಅದನ್ನೂ ಹಾಕಿ ತೋರಿಸಪ್ಪಾ ಅನ್ನಿ. ಗಂಧಕ-ರಂಜಕ ಬೆರೆತ ಜಿಎಲ್-5 ದರ್ಜೆಯ ಇಂಥ ಗೇರ್ ಆಯಿಲ್ ಆ ಯಂತ್ರದಲ್ಲಿ ಎಂಜಿನ್ ಆಯಿಲಿಗಿಂತ ಎಷ್ಟೋ ಹೆಚ್ಚು ತೂಕ ತಡೆಯುತ್ತೆ, ಯಾಕಂದ್ರೆ ಅದನ್ನ ಮಾಡಿರೋದೇ ಗೇರ್ ಹಲ್ಲಿನ ಅಂಥ ಒತ್ತಡಕ್ಕೆ. ಹಾಗಂತ ಅದನ್ನ ಯಾರಾದ್ರೂ ಎಂಜಿನ್ ಚೇಂಬರಿಗೆ ಸುರೀತಾರಾ? ಈ ಆಟದಲ್ಲಿ ಗೆದ್ದದ್ದೆಲ್ಲ ಎಂಜಿನ್‌ಗೆ ಒಳ್ಳೇದಾದ್ರೆ ಮೊದಲು ಅದನ್ನೇ ಸುರಿಯಬೇಕಿತ್ತು.

ಇನ್ನು ತೋರಿಸೋ ರೀತಿಯಲ್ಲೂ ಚಾಲಾಕಿ ಇದೆ. ಮೊದಲ ಸರದಿ ಸಾಮಾನ್ಯವಾಗಿ ಎಂಜಿನ್ ಆಯಿಲಿಂದು, ಹೊಸ ರೋಲರ್ ಮೇಲೆ. ಅದು ಸವೆದು ಗಾಯ ಆದ ಜಾಗದ ಮೇಲೇ ಬಾಟಲಿಯ ಸರದಿ ಬಂದ್ರೆ ತೂಕ ಹರಡಿಕೊಳ್ಳುತ್ತೆ. ಗಾಯದ ವಿಸ್ತೀರ್ಣ ಮೂರು ಪಟ್ಟಾದ್ರೆ ಅದೇ ತೂಕದ ಒತ್ತಡ ಮೂರನೇ ಒಂದು ಪಾಲಿಗೆ ಇಳೀತು. ಒಂದಕ್ಕೆ ತೂಕ ಧಡಕ್ಕಂತ ಬಿಡೋದು, ಇನ್ನೊಂದಕ್ಕೆ ನಿಧಾನ ಏರಿಸೋದೂ ಇದೆ. ಬಾಟಲಿ ಮೇಲೆ ನೂರು ಭಾಗ ಆಯಿಲಿಗೆ ಐದೋ ಹತ್ತೋ ಭಾಗ ಅಂತ ಬರೆದಿರುತ್ತೆ, ಅಲ್ಲಿ ಬಳೆ ಮೇಲೆ ಬಿಡೋದು ಬೆರೆಸದ ಮಾಲು. ಹೊಸ ಬಳೆ, ಹೊಸ ರೋಲರ್, ಹೇಳಿದ ಪ್ರಮಾಣದ ಮಿಶ್ರಣ ಅಂತ ಕೇಳಿ ನೋಡಿ.

ಇಂಥ ಆಟ ಗೆಲ್ಲೋ ಬಾಟಲಿಗಳಲ್ಲಿ ಹಲವಕ್ಕೆ ಬಲ ಬರೋದು ಕ್ಲೋರಿನೇಟೆಡ್ ಪ್ಯಾರಾಫಿನ್‌ನಿಂದ. ಇದು ಲೇತ್ ಅಂಗಡಿಯ ಕಟಿಂಗ್ ಆಯಿಲಿಗೆ ಹಾಕೋ ಪದಾರ್ಥ. ಉಜ್ಜಿ ಕಾದ ಕಬ್ಬಿಣದ ಜೊತೆ ಸೇರಿ ಮೇಲೆ ತೆಳು ಕ್ಲೋರೈಡ್ ಪದರ ಕಟ್ಟುತ್ತೆ, ರೋಲರ್ ಅದರ ಮೇಲೆ ಜಾರುತ್ತೆ. ಎಂಜಿನ್ ಒಳಗೆ ಉರಿದ ಡೀಸೆಲ್ಲಿನ ನೀರಾವಿ ಇರುತ್ತೆ. ಕ್ಲೋರಿನ್ ಬಿಡುಗಡೆಯಾಗಿ ಆ ತೇವದ ಜೊತೆ ಸೇರಿದ್ರೆ ಹೈಡ್ರೋಕ್ಲೋರಿಕ್ ಆಮ್ಲ. ಆಮ್ಲ ತಡೆಯೋಕೆ ಆಯಿಲಲ್ಲಿ ಇಟ್ಟಿರೋ ಕ್ಷಾರವನ್ನ ಅದು ಬೇಗ ತಿಂದುಹಾಕುತ್ತೆ, ಆಮೇಲೆ ತಾಮ್ರ-ಸೀಸದ ಶೆಲ್‌ಗಳಿಗೆ ಕೈ ಹಾಕುತ್ತೆ.

ಆಯಿಲ್ ಪೂರ್ತಿ ಇಳಿಸಿ ಎಂಜಿನ್ ಓಡಿಸಿ ತೋರಿಸೋದೂ ಇದೇ ಜಾತಿ. ಲೋಡ್ ಇಲ್ಲದೆ ಸಣ್ಣ ರೇಸಲ್ಲಿ, ಮೈಗೆ ಅಂಟಿದ ಆಯಿಲಲ್ಲೇ, ಏನೂ ಹಾಕದ ಎಂಜಿನ್ನೂ ಕೆಲವು ನಿಮಿಷ ಓಡುತ್ತೆ. ಎರಡನ್ನೂ ಪಕ್ಕಪಕ್ಕ ಓಡಿಸಲ್ಲ ಅಷ್ಟೇ. ಅಮೆರಿಕದಲ್ಲಿ ಸ್ಲಿಕ್ 50 ಅನ್ನೋ ಟೆಫ್ಲಾನ್ ಮಾಲಿನ ಜಾಹೀರಾತಿನ ಮಾತಿಗೆ ಆಧಾರವಿಲ್ಲ ಅಂತ ಅಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಕೇಸ್ ಹಾಕಿ, 1997ರಲ್ಲಿ ಅದು ರಾಜಿಯಲ್ಲಿ ಮುಗೀತು. ಮೇಳದ ಮಾತು ಹೊಸದೇನಲ್ಲ. ಆಯಿಲ್ ಡಬ್ಬದ ಮೇಲೆ ಎಪಿಐ ಸಿಐ-4 ಅನ್ನೋ ಡೀಸೆಲ್ ಆಯಿಲ್ ದರ್ಜೆ ಬರೆಯಬೇಕಾದ್ರೆ ಆಯಿಲನ್ನ ನಿಜವಾದ ಡೀಸೆಲ್ ಎಂಜಿನ್‌ಗಳಲ್ಲಿ ನೂರಾರು ಗಂಟೆ ಓಡಿಸಿ, ಬಿಚ್ಚಿ, ರಿಂಗ್ ಲೈನರ್ ಸವೆತ ಅಳೀಬೇಕು.

ಬೈಕಿಗೂ ಹಾಕ್ತೀನಿ ಅಂತ ನಿಮ್ಮ ಪ್ರಶ್ನೆಯ ಕೆಳಗೆ ಒಬ್ಬರು ಬರೆದಿದ್ದಾರೆ. ಹೆಚ್ಚಿನ ಬೈಕಲ್ಲಿ ಕ್ಲಚ್ ಎಂಜಿನ್ ಆಯಿಲಲ್ಲೇ ಮುಳುಗಿರುತ್ತೆ, ಜಾರೋ ಮಾಲು ಹಾಕಿದ್ರೆ ಕ್ಲಚ್ಚೂ ಜಾರುತ್ತೆ. ಆಯಿಲಲ್ಲಿ ಮುಳುಗಿದ ಬ್ರೇಕ್ ಇರೋ ಟ್ರ್ಯಾಕ್ಟರಿನ ಹಿಂಭಾಗದ ಆಯಿಲಿಗಂತೂ ಹಾಕಲೇಬಾರದು.

ಆ ದುಡ್ಡನ್ನ ಆಯಿಲ್ ಬೇಗ ಬದಲಾಯಿಸೋಕೆ ಹಾಕಿ. ಕೈಪಿಡಿಯಲ್ಲಿ 250 ಗಂಟೆ ಅಂತಿದ್ರೂ ಕಬ್ಬು ಹೊಡೆಯೋ ಗಾಡಿಗೆ 200 ಇಟ್ಟುಕೊಳ್ಳಿ. ಮುಳ್ಳಿನ ಅವರ್ ಮೀಟರ್ ಓಡೋದು ಎಂಜಿನ್ ಸುತ್ತಿನ ಲೆಕ್ಕದಲ್ಲಿ. 1,800 ಸುತ್ತಿಗೆ ಹೊಂದಿಸಿದ ಮೀಟರ್ ಇರೋ ಗಾಡಿ ಸಕ್ಕರೆ ಫ್ಯಾಕ್ಟರಿ ಮುಂದಿನ ಸಾಲಲ್ಲಿ 750 ಸುತ್ತಲ್ಲಿ ಎಂಟು ಗಂಟೆ ಉರಿದ್ರೆ ಮೀಟರಲ್ಲಿ ಬೀಳೋದು ಮೂರು ಚಿಲ್ಲರೆ ಗಂಟೆ. ಆ ಹೊತ್ತಲ್ಲಿ ಸರಿಯಾಗಿ ಉರಿಯದ ಡೀಸೆಲ್ಲು, ಮಸಿ ಎಲ್ಲ ಆಯಿಲಿಗೇ ಇಳಿಯೋದು. ಎಂಜಿನ್ ಬಿಸಿ ಇರುವಾಗ ಆಯಿಲ್ ಇಳಿಸೋ ಬೋಲ್ಟ್ ಬಿಚ್ಚಿ 20 ನಿಮಿಷ ಸೋರಲಿ. ಫಿಲ್ಟರಿನ ರಬ್ಬರಿಗೆ ಆಯಿಲ್ ಸವರಿ, ತಾಗಿದ ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು ಸಾಕು, ಸ್ಪ್ಯಾನರ್ ಹಾಕಬೇಡಿ.

ನಿಮ್ಮ ಹೊಗೆಗೆ ಮೊದಲು ನೋಡಬೇಕಾದದ್ದು ಏರ್ ಕ್ಲೀನರ್‌ನಿಂದ ಮ್ಯಾನಿಫೋಲ್ಡ್‌ಗೆ ಹೋಗೋ ರಬ್ಬರ್ ಪೈಪ್. ಬಿಚ್ಚಿ ಒಳಗೆ ಬಿಳಿ ಬಟ್ಟೆ ಹಾಕಿ ಒರೆಸಿ. ಮಣ್ಣು ಬಂತು ಅಂದ್ರೆ ಪೈಪ್ ಸೀಳಿದೆ ಅಥವಾ ಕ್ಲಿಪ್ ಸಡಿಲ, ರಿಂಗ್ ಲೈನರ್ ತಿಂದದ್ದು ಆ ಮಣ್ಣೇ. ಏರ್ ಕ್ಲೀನರ್ ಬಟ್ಟಲಲ್ಲಿ ಆಯಿಲ್ ಗೆರೆ ಮೀರಿದ್ರೆ ಅದನ್ನೇ ಎಳೆದುಕೊಂಡೂ ನೀಲಿ ಹೊಗೆ ಬರುತ್ತೆ, ಅದು ಸರಿ ಮಾಡೋಕೆ ಐದು ನಿಮಿಷ. ಎರಡೂ ಸರಿಯಿದ್ರೆ ಎಂಜಿನ್ ಬಿಸಿಯಾದ ಮೇಲೆ ಸಣ್ಣ ರೇಸಲ್ಲಿಟ್ಟು ಆಯಿಲ್ ಹಾಕೋ ಮುಚ್ಚಳ ತೆಗೀರಿ. ಪುಸುಪುಸು ಅಂತ ಹೊಗೆ ಒದ್ದುಕೊಂಡು ಬಂದ್ರೆ ರಿಂಗ್ ಹೋಗಿದೆ, ಮೆಕ್ಯಾನಿಕ್ ಹತ್ರ ಕಂಪ್ರೆಷನ್ ನೋಡಿಸಿ. ಅಂಟಂಟು ಬಾಟಲಿ ಸುರಿದ್ರೆ ಆಯಿಲ್ ಗಟ್ಟಿಯಾಗಿ ಹೊಗೆ ಒಂದಷ್ಟು ದಿನ ಕಮ್ಮಿ ಕಾಣುತ್ತೆ, ರಿಂಗ್ ಮಾತ್ರ ಹಾಗೇ ಸವೀತಿರುತ್ತೆ. ಮುಚ್ಚಳ ತೆಗೆದಾಗ ಏನು ಕಂಡಿತು ಅಂತ ಒಂದು ವಿಡಿಯೋ ಇಲ್ಲೇ ಹಾಕಿ, ನೋಡೋಣ.